ಕಣ್ಣು–ಕೈ ಪರೀಕ್ಷೆ ಚೆನ್ನಾಗಿದೆ, ಫಲಕದ ಮಾತು ಸರಿಯಿಲ್ಲ: ಶಿವಮೊಗ್ಗದ ಒಂದು ಮಕ್ಕಳ ತಪಾಸಣಾ ಕೇಂದ್ರ

ಶಿವಮೊಗ್ಗ ನಗರದ ಒಂದು ಖಾಸಗಿ ಮಕ್ಕಳ ಬೆಳವಣಿಗೆ ತಪಾಸಣಾ ಕೇಂದ್ರವು ‘ವಿಷಲೋಹ ಪರಿಣಾಮ ತಪಾಸಣೆ’ ಎಂಬ ಪ್ಯಾಕೇಜನ್ನು 1,800 ರೂಪಾಯಿಗೆ ನೀಡುತ್ತಿದೆ. ಸೀಸ, ಪಾದರಸ, ಮ್ಯಾಂಗನೀಸ್ ಮುಂತಾದ ಲೋಹಗಳು ಮಗುವಿನ ಮಿದುಳಿಗೆ ಮಾಡಿರಬಹುದಾದ ಹಾನಿಯನ್ನು ಸೂಜಿ ಚುಚ್ಚದೆ, ಚಿತ್ರ ಬರೆಸುವ ಪರೀಕ್ಷೆಯಿಂದಲೇ ಪತ್ತೆ ಹಚ್ಚುವುದಾಗಿ ಅಲ್ಲಿನ ಫಲಕ ಹೇಳುತ್ತದೆ. ಅಕ್ಕನ ಏಳು ವರ್ಷದ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ನನ್ನ ಅಭಿಪ್ರಾಯವಿಷ್ಟು: ಪರೀಕ್ಷೆ ನಡೆಸಿದ ರೀತಿ ಮೆಚ್ಚುವಂಥದ್ದು, ಫಲಕದ ಮಾತು ಒಪ್ಪುವಂಥದ್ದಲ್ಲ. ಇಂಥ ಸೇವೆ ಯಾವ ಊರಿನಲ್ಲಿ ಸಿಕ್ಕರೂ ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು ಇವೇ ಆಗಿರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ.

ಭಾವನವರಿಗೆ ಭದ್ರಾವತಿಯಲ್ಲಿ ಹಳೆಯ ಬ್ಯಾಟರಿಗಳನ್ನು ರಿಪೇರಿ ಮಾಡುವ ಅಂಗಡಿಯಿದೆ, ಮನೆ ಅದರ ಹಿಂದೆಯೇ ಇದೆ. ಹುಡುಗ ಬೋರ್ಡಿನಲ್ಲಿರುವುದನ್ನು ಸರಿಯಾಗಿ ಓದುತ್ತಾನೆ, ಆದರೆ ನೋಟ್‌ಬುಕ್ಕಿಗೆ ಇಳಿಸುವಾಗ ಅಕ್ಷರಗಳು ಗೆರೆ ಬಿಟ್ಟು ಓಡುತ್ತವೆ ಎಂದು ಶಾಲೆಯ ಟೀಚರ್ ಹೇಳಿದ ಮೇಲೆ ಅಕ್ಕನಿಗೆ ಬ್ಯಾಟರಿಯ ಸೀಸದ ಯೋಚನೆ ಹತ್ತಿತು. ಅದು ಅಕಾರಣವಾದ ಭಯವೂ ಅಲ್ಲ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಮತ್ತು ಮಕ್ಕಳ ಮಟ್ಟಿಗೆ ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಅಲ್ಲಿ ಬಳಸಿದ್ದು ಬೀರಿ–ಬಕ್ಟೆನಿಕಾ ಪರೀಕ್ಷೆ. 1967ರಲ್ಲಿ ಮೊದಲು ಪ್ರಕಟವಾಗಿ, ಹಲವು ಬಾರಿ ಪರಿಷ್ಕೃತವಾಗಿ, ಇಂದಿಗೂ ಬಳಕೆಯಲ್ಲಿರುವ ಗಟ್ಟಿ ಪರೀಕ್ಷೆಯಿದು. ಮಗುವಿನ ಮುಂದೆ ಒಂದು ಪುಸ್ತಿಕೆ ಇಡುತ್ತಾರೆ. ಮೇಲಿನ ಚೌಕದಲ್ಲಿ ಒಂದು ಆಕೃತಿ ಅಚ್ಚಾಗಿರುತ್ತದೆ, ಕೆಳಗಿನ ಖಾಲಿ ಚೌಕದಲ್ಲಿ ಮಗು ಅದನ್ನೇ ಬರೆಯಬೇಕು. ನೇರ ಗೆರೆ, ವೃತ್ತ, ಕೂಡುವ ಚಿಹ್ನೆ, ಚೌಕ, ತ್ರಿಕೋನ ಎಂದು ಸುಲಭವಾಗಿ ಆರಂಭವಾಗಿ, ಒಂದರೊಳಗೊಂದು ಹೆಣೆದುಕೊಂಡ ಆಕೃತಿಗಳವರೆಗೆ ಕಷ್ಟ ಏರುತ್ತ ಹೋಗುತ್ತದೆ. ರಬ್ಬರಿನಿಂದ ಅಳಿಸುವಂತಿಲ್ಲ, ಪುಸ್ತಿಕೆಯನ್ನು ತಿರುಗಿಸುವಂತಿಲ್ಲ. ಇದಾದ ಮೇಲೆ ಇನ್ನೆರಡು ಚಿಕ್ಕ ಭಾಗಗಳಿವೆ: ಕೊಟ್ಟ ಆಕೃತಿಯಂತೆಯೇ ಇರುವುದನ್ನು ಹಲವುಗಳ ನಡುವೆ ಗುರುತಿಸುವುದು ಒಂದು, ಎರಡು ಗೆರೆಗಳ ನಡುವಿನ ದಾರಿಯಲ್ಲಿ ಆಚೀಚೆ ತಾಗದಂತೆ ಪೆನ್ಸಿಲ್ ಎಳೆಯುವುದು ಇನ್ನೊಂದು. ಮೊದಲನೆಯದು ಕಣ್ಣಿನ ಗ್ರಹಿಕೆಯನ್ನೂ ಎರಡನೆಯದು ಕೈಯ ಹಿಡಿತವನ್ನೂ ಬೇರೆ ಬೇರೆಯಾಗಿ ತೋರಿಸುವುದರಿಂದ, ಮಗು ಎಡವುತ್ತಿರುವುದು ನೋಡುವುದರಲ್ಲೋ, ಬರೆಯುವುದರಲ್ಲೋ ಅಥವಾ ನೋಡಿದ್ದನ್ನು ಕೈಗೆ ಇಳಿಸುವ ನಡುವಿನ ಹಂತದಲ್ಲೋ ಎಂಬುದು ತಿಳಿಯುತ್ತದೆ.

ಪರೀಕ್ಷೆ ನಡೆಸಿದ ಯುವತಿಯ ತಾಳ್ಮೆಯನ್ನು ಇಲ್ಲಿ ಹೇಳಲೇಬೇಕು. ಹುಡುಗನ ಕಾಲು ನೆಲಕ್ಕೆ ತಾಗುವ ಕುರ್ಚಿ ಹುಡುಕಿ ತಂದರು, ಅವನು ಯಾವ ಕೈಯಲ್ಲಿ ಬರೆಯುತ್ತಾನೆ, ಕನ್ನಡಕ ಇದೆಯೇ, ರಾತ್ರಿ ನಿದ್ದೆಯಾಗಿದೆಯೇ ಎಂದು ವಿಚಾರಿಸಿದರು, ಮತ್ತು ಪಕ್ಕದಲ್ಲಿ ಕುಳಿತು “ಸರಿಯಾಗಿ ನೋಡೋ ಮಾರಾಯ” ಎನ್ನುತ್ತಿದ್ದ ಭಾವನವರನ್ನು ನಯವಾಗಿಯೇ ಹೊರಗೆ ಕಳಿಸಿದರು. ಹೊರಗೆ ಕಾಯುತ್ತಿದ್ದ ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು, ಅಡಿಕೆಗೆ ಹೊಡೆಯುವ ಮೈಲುತುತ್ತದಿಂದಲೂ ಮಕ್ಕಳಿಗೆ ಹೀಗೆ ಆಗುತ್ತದೆಯೇ ಎಂದು ಕೇಳಿದಾಗ, ಅದು ತಾಮ್ರದ ಲವಣ, ನುಂಗಿದರೆ ವಿಷವೇ ಆದರೂ ಸೀಸದ ಕಥೆ ಬೇರೆ ಎಂದು ಬಿಡಿಸಿ ಹೇಳಿದ್ದೂ ಅವರೇ. ನನ್ನ ತಕರಾರು ಅವರ ಮೇಲಲ್ಲ.

ಸರಾಸರಿ 100 ಎಂದು ಇಟ್ಟುಕೊಂಡ ಅಳತೆಯಲ್ಲಿ ಹುಡುಗನಿಗೆ ಗುರುತಿಸುವುದರಲ್ಲಿ 102, ದಾರಿಯೊಳಗೆ ಗೆರೆ ಎಳೆಯುವುದರಲ್ಲಿ 96, ನೋಡಿ ಬರೆಯುವುದರಲ್ಲಿ 84 ಬಂದಿತು. ಕಣ್ಣೂ ಸರಿ, ಕೈಯೂ ಸರಿ, ಎರಡರ ಹೊಂದಾಣಿಕೆ ಹಿಂದೆ ಎಂದು ಇದರ ಅರ್ಥ. ಟೀಚರ್ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಇಷ್ಟನ್ನೇ ಬರೆದುಕೊಟ್ಟಿದ್ದರೆ ನಾನು ಎರಡನೆಯ ಮಾತಿಲ್ಲದೆ ಈ ಸೇವೆಯನ್ನು ಶಿಫಾರಸು ಮಾಡುತ್ತಿದ್ದೆ. ಆದರೆ ವರದಿಯ ಕೊನೆಯಲ್ಲಿ, ಅಚ್ಚಿನಲ್ಲಿ ಮೊದಲೇ ಇದ್ದಂತೆ ಕಾಣುವ ಒಂದು ಸಾಲು, ‘ವಿಷಲೋಹದ ಪ್ರಭಾವಕ್ಕೆ ಹೊಂದುವ ಫಲಿತಾಂಶ’ ಎಂದು ಘೋಷಿಸುತ್ತದೆ. ಒಂದು ಹನಿ ರಕ್ತವನ್ನೂ ನೋಡದೆ ಬರೆದ ಸಾಲು ಅದು.

ಚಿತ್ರ ಬರೆಸುವ ಪರೀಕ್ಷೆಗೂ ಲೋಹಗಳಿಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿ ಎಂಬ ಸೀಸ ಕರಗಿಸುವ ಊರಿನಲ್ಲಿ ಹುಟ್ಟಿನಿಂದ ಹಿಂಬಾಲಿಸಿ ನೋಡಿದ ಮಕ್ಕಳಿಗೆ ಏಳನೆಯ ವಯಸ್ಸಿನಲ್ಲಿ ಇದೇ ಬೀರಿ ಪರೀಕ್ಷೆ ಕೊಟ್ಟಾಗ, ಹೆಚ್ಚು ಸೀಸ ಸೇರಿದ್ದವರ ಅಂಕಗಳು ಕಡಿಮೆಯಿದ್ದವು. ನಮ್ಮ ಪಕ್ಕದ ಚೆನ್ನೈಯಲ್ಲಿ ಮೂರರಿಂದ ಏಳು ವರ್ಷದ ಶಾಲಾಮಕ್ಕಳಿಗೆ ಚಿತ್ರ ಬರೆಸಿ, ಆಕೃತಿ ಹೊಂದಿಸಲು ಹೇಳಿ, ತೂತುಗಳಿಗೆ ಗೂಟ ಸಿಕ್ಕಿಸಲು ಕೊಟ್ಟು ಮಾಡಿದ ಅಧ್ಯಯನವೂ ಅದನ್ನೇ ಕಂಡಿತು. ಆದರೆ ಈ ಎರಡೂ ಕಡೆ ಮಕ್ಕಳ ರಕ್ತವನ್ನು ಅಳೆದಿದ್ದರು, ಮತ್ತು ಕಂಡುಬಂದದ್ದು ದೊಡ್ಡ ಗುಂಪಿನ ಸರಾಸರಿಯಲ್ಲಿ ಕೆಲವೇ ಅಂಕಗಳ ಇಳಿತ. ನೂರಾರು ಮಕ್ಕಳ ಸರಾಸರಿಯಲ್ಲಿ ಅರ್ಥವುಳ್ಳ ಆ ಇಳಿತವನ್ನು ಒಬ್ಬ ಹುಡುಗನ ಪುಸ್ತಿಕೆಯಲ್ಲಿ ಓದಲಾಗದು. ಪಾದರಸದ ಮಟ್ಟಿಗಂತೂ ಫಲಕದ ಹೇಳಿಕೆ ಇನ್ನೂ ದುರ್ಬಲ. ತಿಮಿಂಗಿಲದ ಮಾಂಸ ತಿನ್ನುವ ಫೇರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಮಕ್ಕಳನ್ನು ಏಳನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, 1938ರಲ್ಲಿ ಲಾರೆಟ್ಟಾ ಬೆಂಡರ್ ರೂಪಿಸಿದ ಆಕೃತಿ ಬರೆಯುವ ಪರೀಕ್ಷೆಯೂ ಅದರಲ್ಲಿತ್ತು. ಪಾದರಸದ ಹಾನಿ ಹೆಚ್ಚಾಗಿ ಕಂಡದ್ದು ಭಾಷೆ, ಗಮನ ಮತ್ತು ನೆನಪಿನಲ್ಲಿ, ಕಣ್ಣು–ಕೈ ಕೆಲಸಗಳಲ್ಲಿ ಅದಕ್ಕಿಂತ ಕಡಿಮೆ. ಅಂದರೆ ಚಿತ್ರ ಮಾತ್ರ ಬರೆಸಿದರೆ ತಪ್ಪಿಹೋಗುವ ಮಕ್ಕಳೇ ಹೆಚ್ಚು.

ಮೈ ಬಿಸಿಯಾಗಿದೆ ಎಂದು ಹೇಳುವ ಥರ್ಮಾಮೀಟರು ಅದು ಮಲೇರಿಯವೋ ಮಂಗನ ಕಾಯಿಲೆಯೋ ಎಂದು ಹೇಳುವುದಿಲ್ಲ. ಅದು ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲದ ಸಂಗತಿ. 84 ಎಂಬ ಅಂಕವೂ ಹಾಗೆಯೇ. ಅವಧಿಗೆ ಮುನ್ನ ಹುಟ್ಟಿದ್ದು, ರಕ್ತಹೀನತೆ, ಗಮನ ನಿಲ್ಲದಿರುವುದು, ಚಿಕ್ಕಂದಿನಲ್ಲಿ ಪೆನ್ಸಿಲ್ ಕೈಗೆ ಸಿಗದೆ ಮೊಬೈಲು ಮಾತ್ರ ಸಿಕ್ಕಿದ್ದು, ಇವುಗಳಲ್ಲಿ ಯಾವುದಿದ್ದರೂ ಅಂಕ ಇಳಿಯುತ್ತದೆ. ಮೇಲಾಗಿ ಈ ಸರಾಸರಿ ಅಮೆರಿಕದ ಮಕ್ಕಳದ್ದು.

ಇದಕ್ಕಿಂತ ಆಶ್ಚರ್ಯವೆಂದರೆ ಅವರು ತುಂಬಿಸಿದ ಫಾರಂ. ನೀರು ಬೋರ್‌ವೆಲ್ಲಿನದೋ ನಲ್ಲಿಯದೋ ಎಂದು ಕೇಳುವ ಅದು, ತಂದೆಯ ಉದ್ಯೋಗವನ್ನು ಕೇಳುವುದಿಲ್ಲ! ಹಳೆಯ ಬಣ್ಣ ಉದುರುವ ಗೋಡೆ, ಕಲಾಯಿ ಹಾಕಿಸಿದ ಪಾತ್ರೆ, ಬಿಡಿಯಾಗಿ ಕೊಂಡ ಅರಿಶಿನ ಪುಡಿ, ಕುಂಕುಮ, ಕಣ್ಣಿಗೆ ಹಚ್ಚುವ ಕಪ್ಪು, ಪಾದರಸ ಅಥವಾ ಸೀಸದ ಭಸ್ಮ ಸೇರಿದ ಔಷಧ, ಯಾವುದರ ಪ್ರಸ್ತಾಪವೂ ಇಲ್ಲ. ಕುಂಸಿಯ ಕಡೆ ಒಂದು ಕಾಲಕ್ಕೆ ಮ್ಯಾಂಗನೀಸ್ ತೆಗೆದ ಜಿಲ್ಲೆಯಲ್ಲಿ ಕುಳಿತು ಮ್ಯಾಂಗನೀಸಿನ ಹೆಸರನ್ನು ಫಲಕದಲ್ಲಿ ಬರೆದವರು, ಮಗು ಯಾವ ಊರಿನಲ್ಲಿ ಬೆಳೆದಿದೆ ಎಂದಾದರೂ ಕೇಳಬಹುದಿತ್ತು.

ಕೌಂಟರಿನಲ್ಲಿ ವರದಿಯ ಜೊತೆಗೆ ‘ಲೋಹ ಶುದ್ಧಿ’ಯ ಪುಡಿಯೊಂದರ ಚೀಟಿ ಕೊಟ್ಟರು. ಅಕ್ಕ ಪರ್ಸಿಗೆ ಕೈ ಹಾಕಿದ್ದಳು, ನಾನು ತಡೆದೆ. ಸೀಸವನ್ನು ದೇಹದಿಂದ ಹೊರಹಾಕುವ ಔಷಧಗಳನ್ನು ಸಾಮಾನ್ಯವಾಗಿ ರಕ್ತದಲ್ಲಿ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಮುಟ್ಟಿದ ಮೇಲೆ, ವೈದ್ಯರ ನಿಗಾದಲ್ಲಿ ಕೊಡುತ್ತಾರೆ. ಅದು ಪುಡಿ ಮಾರುವವರ ಕೆಲಸವಲ್ಲ.

ಮಕ್ಕಳ ವೈದ್ಯರ ಸಲಹೆಯಂತೆ ರಕ್ತವನ್ನು ತೋಳಿನ ನರದಿಂದಲೇ ತೆಗೆಸಿದೆವು, ಏಕೆಂದರೆ ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳಿನ ಸೀಸವೂ ಲೆಕ್ಕಕ್ಕೆ ಸೇರಿಬಿಡಬಹುದು. ಸೀಸ 8 ಮೈಕ್ರೋಗ್ರಾಂ ಬಂತು. ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5, ಅಮೆರಿಕದವರು 2021ರಲ್ಲಿ ಇಳಿಸಿಕೊಂಡ ಮಿತಿ 3.5. ಹಿಮೋಗ್ಲೋಬಿನ್ ಕೂಡ ಕಡಿಮೆಯಿತ್ತು, ಮತ್ತು ಕಬ್ಬಿಣದ ಅಂಶ ಕಡಿಮೆಯಿದ್ದರೆ ಸೀಸ ಇನ್ನಷ್ಟು ಸೇರುತ್ತದೆ. ಈಗ ಭಾವನವರು ಅಂಗಡಿಯ ಬಟ್ಟೆಯನ್ನು ಅಂಗಡಿಯಲ್ಲೇ ಬಿಚ್ಚಿ, ಸ್ನಾನ ಮುಗಿಸಿ ಒಳಗೆ ಬರುತ್ತಾರೆ. ಮನೆಯ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ಹುಡುಗನಿಗೆ ಕಬ್ಬಿಣದ ಟಾನಿಕ್ ನಡೆಯುತ್ತಿದೆ. ರಕ್ತದ ಸಂಖ್ಯೆ ಹಿಂದಿನ ಕೆಲವು ವಾರಗಳ ಮಾತು, ಮೂಳೆಯಲ್ಲಿ ಕುಳಿತದ್ದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ 84ಕ್ಕೆ 8 ಕಾರಣವೇ ಎಂದು ಯಾವ ಪ್ರಾಮಾಣಿಕ ವೈದ್ಯರೂ ಹೇಳಲಾರರು, ನಮ್ಮವರೂ ಹೇಳಲಿಲ್ಲ.

ಬರವಣಿಗೆಯಲ್ಲಿ ಹಿಂದೆ ಬಿದ್ದಿರುವ ಮಗುವಿಗೆ ಎಲ್ಲಿ ತೊಂದರೆಯೆಂದು ತಿಳಿಯಬೇಕಿದ್ದರೆ ಈ ಕೇಂದ್ರಕ್ಕೆ ಹೋಗಬಹುದು, 1,800 ರೂಪಾಯಿ ನಷ್ಟವಲ್ಲ. ಲೋಹದ ಭಯವಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಇಲ್ಲಿಗೆ ಆಮೇಲೆ ಬನ್ನಿ. ಬೆಳಗಿನ ಹೊತ್ತಿಗೇ ಸಮಯ ಕೇಳಿ ಪಡೆಯಿರಿ, ಮಧ್ಯಾಹ್ನದ ಮೇಲೆ ಕಾಯುವುದರಲ್ಲೇ ಮಕ್ಕಳು ದಣಿಯುತ್ತಾರೆ. ವರದಿ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ, ಕೇಳಿದರೆ ಬಾಯಲ್ಲಿ ಕನ್ನಡದಲ್ಲಿ ವಿವರಿಸುತ್ತಾರೆ. ಮೂರೂ ಭಾಗಗಳ ಅಂಕಗಳನ್ನು ಬೇರೆ ಬೇರೆಯಾಗಿ ಬರೆದುಕೊಡಲು ತಪ್ಪದೆ ಹೇಳಿ, ಏಕೆಂದರೆ ಮೊದಲ ಪುಟದಲ್ಲಿ ಅವರು ಅಚ್ಚು ಹಾಕುವುದು ಒಂದನ್ನೇ.