ಕ್ರಿಲ್ ಎಣ್ಣೆ ಕ್ಯಾಪ್ಸೂಲ್: ಮಾತ್ರೆಗೆ ನಾಲ್ಕು ಸ್ಟಾರ್, ಡಬ್ಬಿ ಮೇಲಿನ ಮಾತಿಗೆ ಒಂದೇ

ಕ್ರಿಲ್ ಆಯಿಲ್ ಕ್ಯಾಪ್ಸೂಲ್ ತಗೋಬೇಕಾ ಬೇಡ್ವಾ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೆ ಬರೀತಿದೀನಿ. ಕ್ರಿಲ್ ಅಂದ್ರೆ ಅಂಟಾರ್ಕ್ಟಿಕಾ ಸಮುದ್ರದಲ್ಲಿರೋ ಸೀಗಡಿ ಥರದ ಪುಟ್ಟ ಜೀವಿ. ಬ್ರ್ಯಾಂಡ್ ಹೆಸರು ಹೇಳಲ್ಲ, ಯಾಕಂದ್ರೆ ನಾನು ನೋಡಿದ ಡಬ್ಬಿಗಳಲ್ಲೆಲ್ಲಾ ಹೆಚ್ಚುಕಮ್ಮಿ ಅದೇ ಮಾತು, ಅದೇ ಹಿಮಗಡ್ಡೆ ಫೋಟೋ, ಮೂಲೆಯಲ್ಲಿ ಒಂದು ಪೆಂಗ್ವಿನ್. ಆ ಪೆಂಗ್ವಿನ್ ಬಗ್ಗೆ ಆಮೇಲೆ ಬರ್ತೀನಿ.

ಮೊದ್ಲು ಮಾತ್ರೆ. ಚಿಕ್ಕದು, ನುಂಗೋಕೆ ಸಲೀಸು, ಮೀನೆಣ್ಣೆ ತಗೊಂಡಾಗ ಬರೋ ಆ ಹಾಳು ತೇಗು ನಂಗಂತೂ ಇದ್ರಲ್ಲಿ ಬರ್ಲಿಲ್ಲ. ಕಡುಗೆಂಪು ಬಣ್ಣ ನೋಡಿ ಕಲರ್ ಹಾಕಿದಾರೆ ಅಂದ್ಕೋಬೇಡಿ, ಅದು ಅಸ್ಟಾಕ್ಸಾಂಥಿನ್ ಅನ್ನೋ ಬಣ್ಣದ ಅಂಶ, ಕ್ರಿಲ್ ಮೈಯಲ್ಲೇ ಇರೋದು. ಮುಂದೆ ದಪ್ಪಕ್ಷರದಲ್ಲಿ 500 ಮಿಲಿಗ್ರಾಂ ಅಂತಿದೆ, ಆದ್ರೆ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದ್ರೆ ನಿಮಗೆ ಬೇಕಾಗಿರೋ ಇಪಿಎ, ಡಿಎಚ್ಎ (ಒಮೆಗಾ-3 ಕೊಬ್ಬುಗಳು) ಎರಡೂ ಸೇರಿ ನೂರರ ಆಸುಪಾಸು. ಮಾಮೂಲಿ 1000 ಮಿಲಿಗ್ರಾಂ ಮೀನೆಣ್ಣೆ ಕ್ಯಾಪ್ಸೂಲಲ್ಲಿ 300 ಇರತ್ತೆ. ಕ್ರಿಲ್ ಎಣ್ಣೆದು ಫಾಸ್ಫೋಲಿಪಿಡ್ (ಒಂದು ಬಗೆಯ ಕೊಬ್ಬು) ರೂಪದಲ್ಲಿದೆ, ಮೈಗೆ ಚೆನ್ನಾಗಿ ಹಿಡಿಯತ್ತೆ ಅಂತ ಕಂಪನಿಯವರು ಹೇಳ್ತಾರೆ, ಹೇಳ್ಲಿ. ಸೀಗಡಿ ಅಲರ್ಜಿ ಇರೋರು ಮುಟ್ಟೋದೇ ಬೇಡ, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿ. ಮಾತ್ರೆ ಬಗ್ಗೆ ಇಷ್ಟೇ, ದೂರೇನಿಲ್ಲ.

ನನ್ನ ತಕರಾರು ಇರೋದು ಡಬ್ಬಿ ಹಿಂದಿನ ಒಂದು ಸಾಲಿನ ಮೇಲೆ. "ಸಮುದ್ರದಲ್ಲಿರೋ ಕ್ರಿಲ್‌ನಲ್ಲಿ ನಾವು ಹಿಡಿಯೋದು ಶೇ. 1ಕ್ಕಿಂತ ಕಮ್ಮಿ, ಹಾಗಾಗಿ ಪೆಂಗ್ವಿನ್, ತಿಮಿಂಗಿಲಗಳ ಪಾಲಿಗೆ ಏನೂ ತೊಂದ್ರೆ ಇಲ್ಲ" ಅನ್ನೋ ಅರ್ಥ ಬರೋ ಸಾಲು. ಸುಳ್ಳು ಅಂತ ಹೇಳೋಕಾಗಲ್ಲ, ಅದೇ ಕಷ್ಟ. ಈ ಕ್ರಿಲ್ ಹಿಡಿಯೋದು ಅಂಟಾರ್ಕ್ಟಿಕಾದ ಅಟ್ಲಾಂಟಿಕ್ ಕಡೆ, ಏರಿಯಾ 48 ಅಂತ ಕರೀತಾರೆ, 2019ರಲ್ಲಿ ಹಡಗುಗಳಲ್ಲಿ ಸುತ್ತಿ ಸರ್ವೇ ಮಾಡಿದಾಗ ಅಲ್ಲಿ ಸುಮಾರು 6.26 ಕೋಟಿ ಟನ್ ಕ್ರಿಲ್ ಇದೆ ಅಂತ ಲೆಕ್ಕ ಸಿಕ್ತು, ವರ್ಷಕ್ಕೆ ಹಿಡಿಯೋಕೆ ಇರೋ ಮಿತಿ 6.2 ಲಕ್ಷ ಟನ್. ಭಾಗಿಸಿ ನೋಡಿ, ಶೇ. 1 ಸರಿಯಾಗೇ ಬರತ್ತೆ.

ಆದ್ರೆ ಕ್ರಿಲ್ ಇಡೀ ಸಮುದ್ರದಲ್ಲಿ ಒಂದೇ ಸಮ ಹರಡ್ಕೊಂಡಿರಲ್ಲ. ಹೆಚ್ಚಂದ್ರೆ ಆರು ಸೆಂಟಿಮೀಟರ್ ಆಸುಪಾಸಿನ ಜೀವಿ, ಕೋಟಿಗಟ್ಲೆ ಸೇರಿ ಮೋಡದ ಥರ ಗುಂಪು ಕಟ್ಕೊಂಡು ಕೆಲವೇ ಜಾಗಗಳಲ್ಲಿ ದಟ್ಟವಾಗಿರತ್ತೆ: ಅಂಟಾರ್ಕ್ಟಿಕ್ ಪೆನಿನ್ಸುಲಾ (ಪರ್ಯಾಯದ್ವೀಪ) ಪಕ್ಕದ ಬ್ರಾನ್ಸ್‌ಫೀಲ್ಡ್ ಜಲಸಂಧಿ, ಸೌತ್ ಆರ್ಕ್ನಿ ದ್ವೀಪಗಳ ಅಂಚು, ಸೌತ್ ಜಾರ್ಜಿಯಾ. ಹಡಗು ಹೋಗೋದೂ ಅಲ್ಲಿಗೇ, ಬೇಟೆಗೆ ಹೊರಟ ಪೆಂಗ್ವಿನ್ ಹೋಗೋದೂ ಅಲ್ಲಿಗೇ. ಅಡೆಲಿ, ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು ಡಿಸೆಂಬರಿಂದ ಫೆಬ್ರವರಿ ತನಕ ಮರಿ ಸಾಕ್ತಿರುವಾಗ ಗಂಡ ಹೆಂಡ್ತಿ ಪಾಳಿ ಹಾಕ್ಕೊಂಡು ಒಬ್ಬರು ಗೂಡಲ್ಲಿ, ಒಬ್ಬರು ಸಮುದ್ರದಲ್ಲಿ, ಹೋದೋರು ಹೊಟ್ಟೆ ತುಂಬಿಸ್ಕೊಂಡು ಬೇಗ ವಾಪಸ್ ಬರ್ಲೇಬೇಕು ಇಲ್ಲಾಂದ್ರೆ ಮರಿಗೆ ಉಪವಾಸ. ಹಾಗಾಗಿ ಅವು ಸುತ್ತಾಡೋದು ಗೂಡಿಂದ ಹತ್ತಾರು ಕಿಲೋಮೀಟರ್ ಒಳಗೇ. ಹಡಗಿಗೆ ಇಲ್ಲಿ ಸಿಗ್ಲಿಲ್ಲಾಂದ್ರೆ ಇನ್ನೂರು ಕಿಲೋಮೀಟರ್ ಆಚೆ ಹೋಗ್ಬಹುದು, ಪೆಂಗ್ವಿನ್‌ಗೆ ಆಗಲ್ಲ. ಕೊಡ ಹೊತ್ಕೊಂಡು ನಡೆದು ಹೋಗೋಳಿಗೆ ದೇಶದಲ್ಲಿ ಎಷ್ಟು ನೀರಿದೆ ಅನ್ನೋ ಲೆಕ್ಕ ಯಾಕೆ, ಆ ಒಂದು ಬಾವಿಯಲ್ಲಿ ಎಷ್ಟಿದೆ ಅನ್ನೋದು ಮುಖ್ಯ.

ಇದು ಬರೀ ನನ್ನ ತರ್ಕ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೆನಿನ್ಸುಲಾ ಭಾಗದ ಮೂವತ್ತು ವರ್ಷಕ್ಕೂ ಮೀರಿದ ಪೆಂಗ್ವಿನ್ ದಾಖಲೆ ಇಟ್ಕೊಂಡು ನೋಡಿದ್ರು. ಒಟ್ಟು ಲೆಕ್ಕದಲ್ಲಿ ಹಿಡಿದಿದ್ದು ಕಮ್ಮಿ ಅನಿಸಿದ್ರೂ, ಒಂದೇ ಜಾಗದಲ್ಲಿ ಜೋರಾಗಿ ಹಿಡಿದಾಗ ಆಗೋ ಹೊಡೆತ ಹವಾಮಾನ ಕೆಟ್ಟ ವರ್ಷದ ಹೊಡೆತಕ್ಕೆ ಸಮ ಅಂತ ಬಂತು. ಹವಾಮಾನದ್ದೂ ದೊಡ್ಡ ಪಾಲಿದೆ, ಅದನ್ನ ಮುಚ್ಚಿಡಲ್ಲ. ಕ್ರಿಲ್ ಮರಿಗಳಿಗೆ ಚಳಿಗಾಲದಲ್ಲಿ ಸಮುದ್ರದ ಮಂಜುಗಡ್ಡೆ ತಳದ ಪಾಚಿನೇ ಆಹಾರ, 2023ರಲ್ಲಿ ಆ ಮಂಜುಗಡ್ಡೆ ದಾಖಲೆ ಮಟ್ಟಕ್ಕೆ ಇಳೀತು. ಹೀಗಿರುವಾಗ ಬಾವಿ ಪಕ್ಕದಲ್ಲೇ ಪಂಪ್ ಇಡೋದು ಬೇಕಾ? ಪಂಪ್ ಅಂದಿದ್ದು ಸುಮ್ನೆ ಅಲ್ಲ, ಕೆಲವು ಹಡಗುಗಳಲ್ಲಿ ನಿಜವಾಗ್ಲೂ ಬಲೆ ನೀರಲ್ಲೇ ಇರತ್ತೆ, ಪೈಪಲ್ಲಿ ಕ್ರಿಲ್ ಎಳ್ಕೊಳ್ತಾನೇ ಇರತ್ತೆ.

ತಿಮಿಂಗಿಲದ ಕತೆ ಇನ್ನೂ ಜೋರು. 2022ರ ಜನವರಿಯಲ್ಲಿ ಸೌತ್ ಆರ್ಕ್ನಿ ಹತ್ರ ಸಾವಿರದಷ್ಟು ಫಿನ್ ತಿಮಿಂಗಿಲಗಳು ಒಂದೇ ಕಡೆ ಸೇರಿ ಕ್ರಿಲ್ ತಿಂತಿದ್ವು, ಅದೇ ಗುಂಪಿನ ಮಧ್ಯೆ ನಾಲ್ಕು ಹಡಗು ಬಲೆ ಎಳ್ಕೊಂಡು ಓಡಾಡ್ತಿದ್ವು, ಕಣ್ಣಾರೆ ಕಂಡ ವಿಜ್ಞಾನಿಗಳು ಬರೆದಿಟ್ಟಿದಾರೆ. 20ನೇ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಸುಮಾರು 20 ಲಕ್ಷ ತಿಮಿಂಗಿಲ ಕೊಂದ್ವಿ, ಈಗ ಕೆಲವು ಜಾತಿ ಚೇತರಿಸ್ಕೊಂಡು ತಮ್ಮ ಹಳೇ ಊಟದ ಜಾಗಕ್ಕೆ ವಾಪಸ್ ಬರ್ತಿವೆ, ಬಂದ್ರೆ ಅಲ್ಲಿ ಬಲೆ. 2021, 2022ರಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಕ್ರಿಲ್ ಬಲೆಗೆ ಸಿಕ್ಕಿ ಸತ್ತಿದ್ದೂ ಆಯ್ತು.

ಕೇಳೋರಿಲ್ವಾ ಅಂದ್ರೆ, ಇದಾರೆ. 1982ರಲ್ಲಿ ಶುರುವಾದ ಕ್ಯಾಮ್ಲಾರ್, ಅಂಟಾರ್ಕ್ಟಿಕಾ ಸಮುದ್ರದ ಜೀವಿಗಳನ್ನ ಕಾಯೋಕೆ ಹಲವು ದೇಶಗಳು ಸೇರಿ ಮಾಡ್ಕೊಂಡ ಆಯೋಗ, ಆಫೀಸು ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ. ಕ್ರಿಲ್ ನಂಬ್ಕೊಂಡಿರೋ ಪ್ರಾಣಿಗಳ ಹೊಟ್ಟೆನೂ ನೋಡ್ಬೇಕು ಅಂತ ಅವರ ಒಪ್ಪಂದದಲ್ಲೇ ಬರೆದಿದೆ, ಅದು ಒಳ್ಳೇದೇ. ಆದ್ರೆ ಎಲ್ಲಾ ಸದಸ್ಯ ದೇಶಗಳೂ ಒಪ್ಪಿದ್ರೆ ಮಾತ್ರ ನಿರ್ಧಾರ. ಹಿಂದೆ ಆ 6.2 ಲಕ್ಷ ಟನ್ನನ್ನ ಜಾಗವಾರು ಹಂಚಿದ್ರು, ಪೆನಿನ್ಸುಲಾ ಭಾಗದ 48.1ಕ್ಕೆ 1.55 ಲಕ್ಷ ಟನ್, ಅಷ್ಟು ಮುಗಿದ್ರೆ ಅಲ್ಲಿಂದ ಎದ್ದು ಹೋಗ್ಬೇಕಿತ್ತು. 2024ರಲ್ಲಿ ಒಮ್ಮತ ಬರದೆ ಆ ಹಂಚಿಕೆನೇ ಬಿದ್ದೋಯ್ತು. ಮುಂದಿನ ಸೀಸನ್‌ನಲ್ಲೇ, 2025ರ ಆಗಸ್ಟ್ ಹೊತ್ತಿಗೆ, ಮೊದಲ ಸಲ ಪೂರ್ತಿ 6.2 ಲಕ್ಷ ಮುಟ್ಟಿ ಮೀನುಗಾರಿಕೆ ಬೇಗ ನಿಲ್ಲಿಸ್ಬೇಕಾಯ್ತು.

ಕಂಪನಿಗಳದ್ದು ಪೂರ್ತಿ ತಪ್ಪು ಅಂತಾನೂ ಹೇಳಲ್ಲ. 2018ರಲ್ಲಿ ಹೆಚ್ಚಿನ ಕ್ರಿಲ್ ಕಂಪನಿಗಳು ಸೇರಿ, ಪೆಂಗ್ವಿನ್ ಗೂಡುಗಳ ಹತ್ರ ಮರಿ ಸಾಕೋ ಕಾಲದಲ್ಲಿ ಬಲೆ ಹಾಕಲ್ಲ ಅಂತ ತಾವಾಗೇ ಒಪ್ಕೊಂಡ್ರು. ಸೀಲ್‌ಗಳು ಬಲೆಯೊಳಗೆ ಹೋಗದ ಹಾಗೆ ಸಾಧನ ಇರ್ಬೇಕು ಅನ್ನೋ ನಿಯಮನೂ ಇದೆ. ಇದನ್ನ ಡಬ್ಬಿ ಮೇಲೆ ಬರೆದಿದ್ರೆ ನಾನೇ ಮೆಚ್ಕೊಳ್ತಿದ್ದೆ. ಅದು ಬಿಟ್ಟು ಶೇ. 1 ಅಂತ ಜಪ!

ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ, ನನ್ನ ಬ್ಯಾಚ್‌ನ ಕ್ರಿಲ್ 48.1ರದ್ದಾ 48.2ರದ್ದಾ (ಸೌತ್ ಆರ್ಕ್ನಿ ಭಾಗ), ಯಾವ ತಿಂಗಳಲ್ಲಿ ಹಿಡಿದಿದ್ದು, ಹಡಗು ಆ ಸ್ವಯಂ ನಿಯಮಕ್ಕೆ ಒಳಪಟ್ಟಿದ್ದಾ ಅಂತ ಕೇಳ್ದೆ. ತುಂಬಾ ವಿನಯದ ಉತ್ತರ ಬಂತು, ಒಳಗೆ ಮತ್ತೆ ಅದೇ ಶೇ. 1. ಸುಸ್ಥಿರ ಮೀನುಗಾರಿಕೆಗೆ ಪ್ರಮಾಣಪತ್ರದ ಮಾನದಂಡ ಇಟ್ಟಿರೋ ಎಂಎಸ್‌ಸಿ ಸಂಸ್ಥೆಯ ನೀಲಿ ಗುರುತು ಇರೋ ಡಬ್ಬಿನೂ ಹುಡುಕಿ ನೋಡ್ದೆ, ಪ್ರಮಾಣಿತ ಮೀನುಗಾರಿಕೆಯಿಂದ ಬಂದಿದ್ದು ಅಂತ ಗೊತ್ತಾಗತ್ತೆ, ಏನೂ ಇಲ್ಲದ್ದಕ್ಕಿಂತ ವಾಸಿ, ಆದ್ರೆ ತಿಂಗಳು, ಜಾಗ ಅದ್ರಲ್ಲೂ ಇಲ್ಲ.

ಡಿಎಚ್ಎ ಬೇಕು ಅಂದ್ರೆ ಪಾಚಿ ಎಣ್ಣೆ ಕ್ಯಾಪ್ಸೂಲ್ ಸಿಗತ್ತೆ, ಮೀನಿಗೂ ಕ್ರಿಲ್‌ಗೂ ಒಮೆಗಾ-3 ಬರೋದು ಪಾಚಿಯಿಂದಾನೇ, ನಾನು ಈಗ ಅದಕ್ಕೇ ಶಿಫ್ಟ್ ಆಗಿದೀನಿ, ಇಪಿಎ ಎಷ್ಟಿದೆ ಅಂತ ಮಾತ್ರ ನೋಡಿ ತಗೊಳ್ಳಿ, ಕೆಲವದ್ರಲ್ಲಿ ಇರೋದೇ ಇಲ್ಲ. ಇನ್ನು ಕ್ಯಾಪ್ಸೂಲ್ ಬಿಟ್ಬಿಟ್ರೆ ಕ್ರಿಲ್ ಉಳಿಯತ್ತಾ ಅಂದ್ರೆ, ಹಿಡಿದಿದ್ರಲ್ಲಿ ಹೆಚ್ಚಿನ ಪಾಲು ಪುಡಿಯಾಗಿ ಸಾಕಣೆ ಮೀನಿನ ಮೇವಿಗೆ ಹೋಗತ್ತೆ, ಎಣ್ಣೆ ಸಣ್ಣ ಪಾಲು. ಸಾಕಿದ ಸಾಲ್ಮನ್ ತಿನ್ನೋರು ಆ ಪ್ಯಾಕೆಟ್ ತಿರುಗಿಸಿದ್ರೆ ಮೇವಿನ ಮಾಹಿತಿ ಇಷ್ಟೂ ಇರಲ್ಲ, ಅಲ್ಲಿ ಪೆಂಗ್ವಿನ್ ಫೋಟೋನೂ ಇಲ್ಲ.