ಕ್ಯಾಮೆರಾ ಬದಲಾಯಿಸೋ ಮುಂಚೆ ಒಂದು ಐಆರ್ ಲೈಟ್ ಹಾಕಿ ನೋಡಿ

ಮನೆ ಹೊರಗಡೆ ಸಿಸಿಟಿವಿ ಇದೆ, ಹಗಲು ಹೊತ್ತು ಕನ್ನಡಿ ಥರ ಕಾಣ್ಸುತ್ತೆ, ರಾತ್ರಿ ಆದ್ರೆ ಏನೂ ಗೊತ್ತಾಗಲ್ಲ ಅನ್ನೋರಿಗೆ ಇದನ್ನ ಬರೀತಿದೀನಿ. ನಮ್ಮನೇಲೂ ಅದೇ ಕಥೆ ಆಗಿತ್ತು. ಒಂದು ರಾತ್ರಿ ಯಾರೋ ಗೇಟ್ ತಳ್ಳಿ ಒಳಗೆ ಬಂದು ಒಂದ್ನಿಮಿಷ ನಿಂತು ವಾಪಸ್ ಹೋಗಿದಾರೆ, ಬೆಳಿಗ್ಗೆ ರೆಕಾರ್ಡಿಂಗ್ ಹಾಕಿ ನೋಡಿದ್ರೆ ಬರೀ ಒಂದು ಬೂದು ಬಣ್ಣದ ಆಕಾರ, ಮುಖ ಇರೋ ಜಾಗದಲ್ಲಿ ಮಸುಕು. ಅವತ್ತು ಅಮ್ಮ ತುಂಬಾ ಹೆದರಿಬಿಟ್ರು. ಮುಖ ಕಾಣದ ಮೇಲೆ ಕ್ಯಾಮೆರಾ ಇದ್ದು ಏನು ಪ್ರಯೋಜನ?

ಎಲ್ರೂ 8 ಮೆಗಾಪಿಕ್ಸೆಲ್‌ದು ತಗೋ ಅಂದ್ರು. ನಾನು ತಗೊಳ್ಳಲಿಲ್ಲ. ಸೆನ್ಸರ್ (ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಚಿಪ್) ಅಷ್ಟೇ ಸೈಜ್ ಇಟ್ಟು ಮೆಗಾಪಿಕ್ಸೆಲ್ ಜಾಸ್ತಿ ಮಾಡಿದ್ರೆ ಒಂದೊಂದು ಪಿಕ್ಸೆಲ್ಲೂ ಚಿಕ್ಕದಾಗುತ್ತೆ, ಅದಕ್ಕೆ ಸಿಗೋ ಬೆಳಕೂ ಕಮ್ಮಿ ಆಗುತ್ತೆ. ರಾತ್ರಿ ಬೇಕಾಗಿರೋದು ಬೆಳಕು ರೀ. ಅದಕ್ಕೇ ಹಳೇ ಕ್ಯಾಮೆರಾನೇ ಇಟ್ಕೊಂಡು ಬೇರೇದಾಗಿ ಒಂದು ಐಆರ್ ಲೈಟ್ ತಗೊಂಡೆ, ಅಂದ್ರೆ ಕಣ್ಣಿಗೆ ಹೆಚ್ಚುಕಮ್ಮಿ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡೋ ಲ್ಯಾಂಪು. ಬೆಳಕಿನ ತರಂಗಾಂತರ 850 ನ್ಯಾನೋಮೀಟರ್, ಬೆಳಕು ಹರಡೋದು 60 ಡಿಗ್ರಿ ಆಂಗಲ್, 12 ವೋಲ್ಟ್ ಅಡಾಪ್ಟರ್, ಕತ್ತಲಾದ ತಕ್ಷಣ ತಾನಾಗೇ ಆನ್ ಆಗುತ್ತೆ. ಆರು ತಿಂಗಳಿಂದ ಬಳಸ್ತಿದೀನಿ.

ಕ್ಯಾಮೆರಾದಲ್ಲೇ ಐಆರ್ ಎಲ್‌ಇಡಿ ಇರುತ್ತಲ್ಲ ಮತ್ತೆ ಇದ್ಯಾಕೆ ಅಂತ ಕೇಳ್ಬಹುದು. ಅವು ಲೆನ್ಸ್ ಸುತ್ತಾನೇ ಇರ್ತವೆ, ಹಾಗಾಗಿ ಪಕ್ಕದಲ್ಲಿರೋ ಗೋಡೆ, ಸಜ್ಜೆ, ತೂಗಾಡೋ ವೈರು ಎಲ್ಲದಕ್ಕೂ ಮೊದಲು ಬೆಳಕು ಹೊಡೆಯುತ್ತೆ. ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಅರ್ಧ ಮೀಟರ್ ದೂರದ ಗೋಡೆ ಬೆಳ್ಳಗೆ ಉರಿಯೋದ್ ನೋಡಿ ಕ್ಯಾಮೆರಾ ಎಕ್ಸ್‌ಪೋಶರ್, ಅಂದ್ರೆ ಒಳಗೆ ತಗೊಳ್ಳೋ ಬೆಳಕು, ಇಳಿಸ್ಕೊಳ್ಳುತ್ತೆ, 12 ಮೀಟರ್ ದೂರದ ಗೇಟು ಪೂರ್ತಿ ಕತ್ತಲಾಗುತ್ತೆ. ಇದರ ಜೊತೆ ಜೇಡನ ಬಲೆ ಬೇರೆ. ಲೆನ್ಸ್ ಮುಂದೆ ಒಂದೇ ಒಂದು ಎಳೆ ಇದ್ರೂ ರಾತ್ರಿ ಅದು ದಪ್ಪ ಹಗ್ಗದ ಹಾಗೆ ಬೆಳ್ಳಗೆ ಅಲ್ಲಾಡ್ತಿರುತ್ತೆ, ಮೊಬೈಲಿಗೆ ರಾತ್ರಿಯಿಡೀ ಅಲರ್ಟು.

ಲೈಟನ್ನ ಕ್ಯಾಮೆರಾದಿಂದ ಒಂದೂವರೆ ಮೀಟರ್ ಆಚೆ ಹಾಕಿದ್ವಿ. ತಮ್ಮ ಏಣಿ ಮೇಲೆ, ಅಮ್ಮ ಗೇಟ್ ಹತ್ರ, ನಾನು ಮೊಬೈಲ್ ನೋಡ್ಕೊಂಡು ಕೆಳಗೆ. "ಸಾಕೇನೋ ಅಣ್ಣಾ?" "ಇಲ್ಲ ಕಣೋ, ಇನ್ನೊಂಚೂರು ಕೆಳಗೆ ಇಳ್ಸು." ಆಮೇಲೆ ಆ್ಯಪಲ್ಲಿ ಕ್ಯಾಮೆರಾದ ಸ್ವಂತ ಐಆರ್ ಆಫ್ ಮಾಡ್ದೆ. ಗೋಡೆಯ ಹೊಳಪು ಹೋಯ್ತು, ಒಂದೆರಡು ಸೆಕೆಂಡಲ್ಲಿ ಚಿತ್ರ ತಿಳಿಯಾಗಿ ಅಮ್ಮನ ಕನ್ನಡಕದ ಫ್ರೇಮು, ಗೇಟ್ ಚಿಲಕ, ಸರಳುಗಳ ನೆರಳು ನೆಲದ ಮೇಲೆ ಬಿದ್ದಿರೋದು ಸಮೇತ ಕಾಣಿಸ್ತು. ನಿಜವಾಗ್ಲೂ ಖುಷಿಯಾಯ್ತು. ಬಲೆ ಈಗಲೂ ಕಟ್ತವೆ, ಆದ್ರೆ ಲೆನ್ಸ್ ಪಕ್ಕದಿಂದ ಬೆಳಕು ಬೀಳದ ಕಾರಣ ಅಷ್ಟಾಗಿ ಕಾಣಲ್ಲ.

ಲೈಟ್ ಹಾಕಿ ಸುಮ್ನಾಗ್ಬೇಡಿ, ಶಟರ್ ಸೆಟ್ಟಿಂಗ್ ನೋಡಿ, ಅಂದ್ರೆ ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ತಗೊಳ್ಳುತ್ತೆ ಅನ್ನೋದು. ಕತ್ತಲಲ್ಲಿ ಕೆಲವು ಕ್ಯಾಮೆರಾ ತಾನಾಗೇ ಶಟರ್ ನಿಧಾನ ಮಾಡ್ಕೊಳ್ಳುತ್ತೆ, ನಿಂತ ವಸ್ತು ಚೆನ್ನಾಗ್ ಕಾಣ್ಸಿ ನಡೆಯೋ ಮನುಷ್ಯ ಮಾತ್ರ ಹೊಗೆ ಥರ ಎಳೆದ್ಹಂಗ್ ಕಾಣ್ತಾನೆ. ನಾನು 1/25 ಸೆಕೆಂಡಿಗೆ ಫಿಕ್ಸ್ ಮಾಡಿದೀನಿ, ಚುಕ್ಕೆ ಅಳಿಸೋಕೆ ಹೋಗಿ ಮುಖಾನೂ ಮಸುಕು ಮಾಡೋ ನಾಯ್ಸ್ ರಿಡಕ್ಷನ್ನೂ ಸ್ವಲ್ಪ ಇಳಿಸಿದೀನಿ. ಚುಕ್ಕೆ ಚುಕ್ಕೆ ಜಾಸ್ತಿ ಆಯ್ತು, ಇರ್ಲಿ, ಮುಖ ಉಳೀತಲ್ಲ. ಲೈಟ್ ಇಲ್ದೇ ಇದನ್ನ ಮಾಡಿದ್ದಾಗ ಬರೀ ಕತ್ತಲೇ ಬಂದಿತ್ತು.

ಇನ್ನು ಬೇಜಾರಿನ ವಿಷಯ. ಜೊತೆಗೆ ಕೊಟ್ಟ ಅಡಾಪ್ಟರ್ ಮಳೆಗೆ ತಡೆಯೋದಲ್ಲ, ಲೈಟ್ ವಾಟರ್‌ಪ್ರೂಫ್ ಅಂತ ದೊಡ್ಡದಾಗ್ ಬರೆದವರು ಇದನ್ನೂ ಹೇಳ್ಬೇಕಿತ್ತು. ನಾನು ಮುಚ್ಚಳ ಇರೋ ಪ್ಲಾಸ್ಟಿಕ್ ಬಾಕ್ಸಲ್ಲಿ ಹಾಕಿದೀನಿ. ಬ್ರಾಕೆಟ್ ಸ್ಕ್ರೂ ಕೂಡ ಒಂದೇ ಗಾಳಿಗೆ ಸಡಿಲ ಆಗಿ ಲೈಟ್ ನೆಲ ನೋಡ್ತಿತ್ತು, ವಾಷರ್ ಹಾಕಿ ಬಿಗಿ ಮಾಡಿದ್ಮೇಲೆ ಸರಿ ಇದೆ.

850 ನ್ಯಾನೋಮೀಟರ್ ಲೈಟ್ ಆದ್ರೆ ನೇರವಾಗಿ ನೋಡಿದಾಗ ಮಂಕಾದ ಕೆಂಪು ಚುಕ್ಕೆ ಕಾಣುತ್ತೆ. ಅದೂ ಕಾಣ್ಬಾರ್ದು ಅಂದ್ರೆ 940 ಸಿಗುತ್ತೆ, ಆದ್ರೆ ಆ ಬೆಳಕಿಗೆ ಸೆನ್ಸರ್ ಅಷ್ಟು ಸ್ಪಂದಿಸಲ್ಲ, ಕಾಣೋ ದೂರ ಕಮ್ಮಿ ಆಗುತ್ತೆ. ಬಣ್ಣಾನೂ ಕೇಳ್ಬೇಡಿ, ಐಆರಲ್ಲಿ ಎಲ್ಲಾ ಕಪ್ಪು ಬಿಳುಪೇ, ಎಷ್ಟೋ ಕಪ್ಪು ಬಟ್ಟೆ ಬೆಳ್ಳಗೆ ಕಾಣ್ತವೆ, ಹಾಗಾಗಿ "ಬಿಳಿ ಶರ್ಟ್ ಹಾಕಿದ್ದ" ಅಂತ ಯಾರಿಗೂ ಖಡಾಖಂಡಿತವಾಗಿ ಹೇಳೋಕೆ ಹೋಗ್ಬೇಡಿ. ಬಣ್ಣ ಬೇಕೇ ಬೇಕು ಅನ್ನೋರು ಎಫ್1.0 ಲೆನ್ಸ್ ಇರೋ ಕ್ಯಾಮೆರಾ ನೋಡಿ (ಎಫ್ ನಂಬರ್ ಕಮ್ಮಿ ಇದ್ದಷ್ಟೂ ಲೆನ್ಸ್ ಜಾಸ್ತಿ ಬೆಳಕು ತಗೊಳ್ಳುತ್ತೆ), ಎಫ್2.0ಗಿಂತ ನಾಲ್ಕು ಪಟ್ಟು ಬೆಳಕು ತಗೊಳ್ಳುತ್ತೆ, ಆದ್ರೂ ಪೂರ್ತಿ ಕತ್ತಲಲ್ಲಿ ಅದಕ್ಕೂ ಒಂದು ಮಾಮೂಲಿ ಲೈಟ್ ಬೇಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಅಡಾಪ್ಟರ್ ಬ್ರಾಕೆಟ್ ಎರಡೂ ಸೇರಿ ಒಂದು ಕಟ್. ಮೊನ್ನೆ ರಾತ್ರಿ ಮತ್ತೆ ಗೇಟ್ ಸದ್ದಾಯ್ತು, ಅಮ್ಮ ಮಲಗಿದಲ್ಲೇ ಮೊಬೈಲ್ ತೆಗೆದು ನೋಡಿ "ಪಕ್ಕದ್ಮನೆ ಹುಡುಗ ಕಣೋ, ಚೆಂಡು ತಗೊಳ್ಳೋಕೆ ಬಂದಿದಾನೆ" ಅಂತ ಹೇಳಿ ಮಗ್ಗುಲಾದ್ರು.