ಹೆಳವರ ಪುಸ್ತಕ, ಹಳೇ ಉತಾರ, ಶಾಲೆಯ ರಜಿಸ್ಟರ್: ನಮ್ಮ ಹಿರಿಯರನ್ನು ಹುಡುಕುವಾಗ ಯಾವುದರಲ್ಲಿ ಏನು ಸಿಕ್ಕಿತು

ನಮ್ಮಪ್ಪನಿಗೆ ಅವರ ಮುತ್ಯಾನ, ಅಂದರೆ ಅಜ್ಜನ, ಹೆಸರು ಗೊತ್ತಿತ್ತು. ಅದಕ್ಕಿಂತ ಹಿಂದಿನದು ಕೇಳಿದರೆ "ಅವರು ಬಾದಾಮಿ ಕಡಿಂದ ಬಂದವರಂತ" ಅಂದು ಸುಮ್ಮನಾಗುತ್ತಿದ್ದರು. 2018ರಲ್ಲಿ ಅಪ್ಪ ತೀರಿಕೊಂಡರು. ಅಷ್ಟನ್ನಾದರೂ ಹೇಳುವವರು ಆಮೇಲೆ ಮನೆಯಲ್ಲಿ ಉಳಿಯಲಿಲ್ಲ. ನನಗೆ ತಿಳಿಯಬೇಕಿದ್ದದ್ದು ಎರಡೇ ವಿಷಯ. ಬಾದಾಮಿ ಕಡೆಯ ಆ ಊರು ಯಾವುದು? ಅಪ್ಪನ ಮುತ್ಯಾನನ್ನು ಹೆತ್ತ ತಾಯಿ ಯಾರು? ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದೇ ಇಲ್ಲ.

ನಾಲ್ಕು ವರ್ಷ ಬೇರೆ ಬೇರೆ ದಾರಿಯಲ್ಲಿ ಹುಡುಕಿದೆ. ನಮ್ಮದು ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭೆ ದಂಡೆಯ ಹಳ್ಳಿ. ಒಕ್ಕಲುತನದ ಮನೆ. ಆದ್ದರಿಂದ ನಾನು ಹೇಳುವುದು ಹಳೇ ಮುಂಬೈ ಪ್ರಾಂತದ ಹಳ್ಳಿಗಳಿಗೆ ಜಾಸ್ತಿ ಹೊಂದುತ್ತದೆ.

ಮೊದಲು ಹೋದದ್ದು ಕಂಪ್ಯೂಟರ್ ಮುಂದೆ. ವಂಶವೃಕ್ಷದ ವೆಬ್‌ಸೈಟ್‌ಗಳಲ್ಲಿ ನಮ್ಮ ಊರಿನ ಒಂದು ಹಾಳೆಯೂ ಸಿಗಲಿಲ್ಲ. ಹರಿದ್ವಾರದಂಥ ಕ್ಷೇತ್ರಗಳಲ್ಲಿ ಯಾತ್ರಿಕರ ವಂಶಾವಳಿ ಬರೆದಿಡುವ ಪಂಡಾಗಳ (ಪುರೋಹಿತರ) ಪುಸ್ತಕಗಳ ಚಿತ್ರಗಳನ್ನು ಕೆಲವು ಕಡೆ ಹಾಕಿದ್ದಾರೆ. ಹಿರಿಯರು ಉತ್ತರದ ಯಾತ್ರೆಗೆ ಹೋಗಿದ್ದರೆ ಅಲ್ಲಿ ನೋಡಬಹುದು. ನಮ್ಮವರು ಎಲ್ಲಮ್ಮನ ಗುಡ್ಡ ಬಿಟ್ಟು ದೂರ ಹೋದ ಸುದ್ದಿಯೇ ಇಲ್ಲ. ನಾಡಕಚೇರಿಯ ವಂಶಾವಳಿಯೂ ಈ ಕೆಲಸಕ್ಕೆ ಬರಲ್ಲ. ಅದರಲ್ಲಿ ಇರುವುದು ನಾವೇ ಹೇಳಿ ಬರೆಸಿದ ಹೆಸರುಗಳು. ನಮಗೆ ಗೊತ್ತಿಲ್ಲದ್ದು ಅದರಲ್ಲಿ ಹೇಗೆ ಬರುತ್ತದೆ?

ನಿಜವಾಗಿ ಪಕ್ಕಪಕ್ಕ ಇಟ್ಟು ನೋಡಬೇಕಾದದ್ದು ಎರಡು: ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರ ಪುಸ್ತಕ ಮತ್ತು ಜಮೀನಿನ ಹಳೇ ದಾಖಲೆ.

ಹೆಳವರನ್ನು ಚಿಕ್ಕವನಿದ್ದಾಗ ನೋಡಿದ್ದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಕಟ್ಟೆ ಮೇಲೆ ಕೂತು ಮನೆತನದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಜೋಳ, ಬಟ್ಟೆ, ಪಾತ್ರೆ, ಅನುಕೂಲ ಇದ್ದವರ ಮನೆಯಲ್ಲಿ ಕರು, ಹೀಗೆ ಕೊಟ್ಟು ಕಳಿಸುವುದು ಪದ್ಧತಿ. ಯಾವ ಹೆಳವರಿಗೆ ಯಾವ ಮನೆ ಅನ್ನುವುದು ತಲೆತಲಾಂತರದಿಂದ ಹಂಚಿಕೆಯಾಗಿರುತ್ತದೆ. ಸಿಕ್ಕ ಹೆಳವರನ್ನು ಕರೆದು ಕೇಳಿದರೆ ನಿಮ್ಮ ಮನೆತನದ್ದು ಅವರ ಹತ್ತಿರ ಇರುವುದಿಲ್ಲ. ನಮ್ಮ ಮನೆಯ ಹೆಳವರು ಹನ್ನೊಂದು ವರ್ಷದಿಂದ ಬಂದಿರಲಿಲ್ಲ. ನಮ್ಮ ಭಾವಕಿಯ (ದಾಯಾದಿಗಳ) ಇನ್ನೊಂದು ಮನೆಯವರ ಹತ್ತಿರ ಫೋನ್ ನಂಬರ್ ಸಿಕ್ಕಿತು. ಫೋನ್ ಮಾಡಿ, ಕಾಯ್ದು, ಅವರು ಬರುವಷ್ಟರಲ್ಲಿ ಏಳು ತಿಂಗಳಾಯಿತು.

ಬಂದವರು ಅರವತ್ತು ದಾಟಿದ ಹಿರಿಯರು, ಜೊತೆಗೆ ಮಗ. ಈಗ ಎತ್ತಿಲ್ಲ, ಮೋಟರ್ ಸೈಕಲ್. ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ, ನಮಸ್ಕಾರ ಮಾಡಿ, ಓದಲು ಶುರು ಮಾಡಿದರು. ಬೆಡಗು (ಕುಲದ ಬಳಿ), ಮನೆದೇವರು, ಮೂಲ ಊರು, ಆಮೇಲೆ ಹೆಸರುಗಳು. ನನ್ನಿಂದ ಹಿಂದಕ್ಕೆ ಒಂಬತ್ತು ತಲೆಮಾರು. ನಮ್ಮ ತಾಯಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾದಾಮಿ ತಾಲೂಕಿನ ಆ ಹಳ್ಳಿಯ ಹೆಸರು ನನಗೆ ಸಿಕ್ಕಿದ್ದು ಆ ಮಧ್ಯಾಹ್ನ. "ಧಾತು ವರ್ಷದಾಗ ಊರು ಬಿಟ್ರು" ಅಂತ ಪುಸ್ತಕದಲ್ಲಿದೆ ಅಂದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಅಂದರೆ 1816 ಇರಬಹುದು, 1876 ಇರಬಹುದು, 1936 ಕೂಡ ಇರಬಹುದು. ತಲೆಮಾರು ಎಣಿಸಿ ನೋಡಿದಾಗ 1876 ಸರಿಹೋಯಿತು. 1876ರಿಂದ 78ರವರೆಗಿನ ದೊಡ್ಡ ಬರ ಈ ಸೀಮೆಯನ್ನು ಖಾಲಿ ಮಾಡಿತ್ತು. ಆಗ ಬಾದಾಮಿ ಇದ್ದದ್ದು ಕಲಾದಗಿ ಜಿಲ್ಲೆಯಲ್ಲಿ, ಆಮೇಲೆ ವಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ. ನಮ್ಮ ಸವದತ್ತಿ ತಾಲೂಕು ಹಳೇ ಕಾಗದದಲ್ಲಿ "ಪರಸಗಡ ತಾಲೂಕು" ಅಂತ ಇರುತ್ತದೆ. ಹಳೇ ಹೆಸರು ಗೊತ್ತಿಲ್ಲದೆ ಹೋದರೆ ಕಾಗದ ಕಣ್ಣೆದುರು ಇದ್ದರೂ ಕೈಬಿಟ್ಟು ಹೋಗುತ್ತದೆ.

ಮನೆದೇವರು ಬನಶಂಕರಿ ಅಂತ ಪುಸ್ತಕದಲ್ಲಿತ್ತು. ನಮಗೂ ಅದು ಗೊತ್ತಿತ್ತು. ಬನಶಂಕರಿ ಇರುವುದು ಬಾದಾಮಿ ಪಕ್ಕದಲ್ಲೇ, ಹಾಗಾಗಿ ಮೂಲ ಊರಿಗೆ ಸಾಕ್ಷಿ ಆಯ್ತಲ್ಲ ಅನಿಸುತ್ತದೆ. ಆದರೆ ಬನಶಂಕರಿಗೆ ನಡೆದುಕೊಳ್ಳುವ ಮನೆಗಳು ಕರ್ನಾಟಕ, ಮಹಾರಾಷ್ಟ್ರದ ತುಂಬ ಇವೆ. ಇದೊಂದನ್ನೇ ನಂಬಿ ಊರು ಗೊತ್ತುಮಾಡಬಾರದು.

ಒಂಬತ್ತು ತಲೆಮಾರು ಓದಿ ಮುಗಿದ ಮೇಲೆ ನಾನು ಕೇಳಿದೆ, "ಅಜ್ಜಾರ, ಇವರ ತಾಯಂದಿರ ಹೆಸರು?" ಅವರು ಪುಸ್ತಕ ಮುಚ್ಚದೆ ಹೇಳಿದರು, "ಹೆಣ್ಮಕ್ಕಳ ಹೆಸರು ನಮ್ಮ ಹಿರ್ಯಾರು ಬರದಿಲ್ರಿ. ಗಂಡ್ಸಮಕ್ಕಳದಷ್ಟ." ಅಪ್ಪನಿಂದ ಮಗ, ಮಗನಿಂದ ಮೊಮ್ಮಗ. ನಡುವೆ ಹೆತ್ತವರು ಒಬ್ಬರೂ ಇಲ್ಲ.

ಆ ತಾಯಿ ಸಿಕ್ಕಿದ್ದು ಜಮೀನಿನ ಕಾಗದದಲ್ಲಿ.

ಈ ದಾರಿಯಲ್ಲಿ ನಡೆಯುವ ರೀತಿ ಹೀಗೆ. ಇವತ್ತಿನ ಉತಾರ, ಅಂದರೆ ಪಹಣಿ, ತೆಗೆಯಿರಿ. ಕಾಲಂ 9ರಲ್ಲಿ ಹೊಲದ ಮಾಲೀಕರ ಹೆಸರು, ಕಾಲಂ 10ರಲ್ಲಿ ಅದು ಹೇಗೆ ಬಂತು ಅನ್ನುವುದು ಇರುತ್ತದೆ. ಅಲ್ಲಿರುವ ಎಂ.ಆರ್. (ಮ್ಯುಟೇಶನ್ ರಜಿಸ್ಟರ್, ಹಕ್ಕು ಬದಲಾವಣೆಯ ಪುಸ್ತಕ) ನಂಬರ್ ಹಿಡಿದು ಹಿಂದಿನ ನೋಂದಿಗೆ ಹೋಗಬೇಕು, ಅದರಿಂದ ಇನ್ನೂ ಹಿಂದಿನದಕ್ಕೆ. ಪ್ರತಿ ಸಾವು, ಪ್ರತಿ ವಾಟ್ನಿ (ಪಾಲು ಹಂಚಿಕೆ), ಪ್ರತಿ ಖರೀದಿ ಒಂದೊಂದು ಮೆಟ್ಟಿಲು. ಕಂಪ್ಯೂಟರ್‌ನಲ್ಲಿ ಇತ್ತೀಚಿನದು ಸಿಗುತ್ತದೆ. ಹಳೆಯದಕ್ಕೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಪುಡಿಯಾಗುತ್ತಿರುವ ಆ ಹಾಳೆಗಳನ್ನು ಕೈಯಲ್ಲಿ ಹಿಡಿದವನಿಗೆ ಅದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗುತ್ತದೆ.

ನಾನು ಮಾಡಿದ ತಪ್ಪು ಅಂದರೆ ಈಗಿನ ಸರ್ವೇ ನಂಬರ್ ಹಿಡಿದೇ ಅರ್ಜಿ ಹಾಕಿದ್ದು. ನಮ್ಮದು ಫೋಡಿಯಾಗಿ ಹಿಸ್ಸಾ ಬಿದ್ದ ನಂಬರ್. ಅದು ಹುಟ್ಟಿದ್ದೇ ವಾಟ್ನಿ ಆದ ಮೇಲೆ. ಮೂಲ ನಂಬರ್ ಯಾವುದು ಅಂತ ತಿಳಿದುಕೊಂಡು ಮತ್ತೆ ಅರ್ಜಿ ಹಾಕುವಷ್ಟರಲ್ಲಿ ಎರಡು ತಿಂಗಳು ಹೋಯಿತು. ನೀವು ಮೂಲ ನಂಬರ್ ಮೊದಲೇ ಕೇಳಿಕೊಳ್ಳಿ.

ಹಳೇ ನೋಂದಿನ ಕನ್ನಡ ಓದುವುದಕ್ಕೂ ಅಭ್ಯಾಸ ಬೇಕು. ಅರ್ಧ ಮರಾಠಿ ಶಬ್ದಗಳು. "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ. "ಮಯತ" ಅಂದರೆ ತೀರಿಕೊಂಡವರು. "ಬೋಜಾ" ಅಂದರೆ ಹೊಲದ ಮೇಲಿನ ಸಾಲ. "ಕಮಿ" ಅಂದರೆ ತೆಗೆದುಹಾಕಿದ್ದು. "ಅ.ಪಾ.ಕ." ಅಂದರೆ ಅಜ್ಞಾನ ಪಾಲನಕರ್ತ, ಅಂದರೆ ಮೈನರ್ ಮಗುವಿನ ಪರವಾಗಿ ನೋಡಿಕೊಳ್ಳುವವರು. ನಾನು ಹುಡುಕುತ್ತಿದ್ದ ತಾಯಿ ಈ ಮೂರು ಅಕ್ಷರಗಳ ಹಿಂದೆ ಇದ್ದರು.

1912ರ ನೋಂದು. ಗಂಡ ಮಯತ. ವಾರಸ ಮೈನರ್ ಮಗ, ವಯಸ್ಸು 7. ಅ.ಪಾ.ಕ. ತಾಯಿ, ಮುಂದೆ ಆಕೆಯ ಹೆಸರು, "ಕೋಂ" ಅಂತ ಗಂಡನ ಹೆಸರು, ಕೊನೆಗೆ ಎಡಗೈ ಹೆಬ್ಬೆಟ್ಟು. ನೂರು ವರ್ಷ ದಾಟಿದ ಹಾಳೆಯಲ್ಲಿ ಆ ಬೆರಳಿನ ಗೆರೆಗಳು ಇನ್ನೂ ಕಾಣುತ್ತಿದ್ದವು. 1916ರಲ್ಲಿ ಆಕೆ ಹೊಲದ ಮೇಲೆ ಸಾಲ ತೆಗೆದ ಬೋಜಾ ಇದೆ. 1920ರಲ್ಲಿ ಅದು ಕಮಿ. 1923ರಲ್ಲಿ ಮಗ ವಯಸ್ಸಿಗೆ ಬಂದ ಅಂತ ಆಕೆಯ ಹೆಸರೂ ಕಮಿ. ಹನ್ನೊಂದು ವರ್ಷ ಒಬ್ಬಳೇ ನಿಂತು, ಸಾಲ ತೀರಿಸಿ, ಹೊಲ ಉಳಿಸಿ ಮಗನ ಕೈಗೆ ಕೊಟ್ಟ ಹೆಂಗಸು. ಆ ಹೊಲದ ಜೋಳ ತಿಂದು ಬೆಳೆದವರು ನಾವು, ನಮಗೆ ಆಕೆಯ ಹೆಸರು ಗೊತ್ತಿರಲಿಲ್ಲ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳುತ್ತೇನೆ. ಎಷ್ಟು ಹಿಂದಕ್ಕೆ ಹೋಗಬಹುದು ಅನ್ನುವುದರಲ್ಲಿ ಹೆಳವರ ಪುಸ್ತಕವೇ ಮುಂದೆ. ಮುಂಬೈ ಪ್ರಾಂತದಲ್ಲಿ ಹಕ್ಕು ದಾಖಲೆ ಕಾಯ್ದೆ ಬಂದದ್ದೇ 1903ರಲ್ಲಿ. ಅದಕ್ಕೂ ಹಿಂದಿನ ಸರ್ವೇ ಕಾಗದದಲ್ಲಿ ಕಂದಾಯ ಕಟ್ಟುವವನ ಹೆಸರಿಗಿಂತ ಹೆಚ್ಚೇನೂ ಇರಲ್ಲ. ಊರು ಬಿಟ್ಟು ಊರಿಗೆ ಬಂದ ಕಥೆ ಹೆಳವರಲ್ಲಿ ಮಾತ್ರ ಸಿಗುತ್ತದೆ. ಉತಾರಕ್ಕೆ ಆ ಊರಿನ ಗಡಿ ದಾಟಿ ಏನೂ ಕಾಣುವುದಿಲ್ಲ. ತಾರೀಖಿನ ಮಾತು ಬಂದರೆ ಜಮೀನಿನ ದಾಖಲೆಯೇ ಗಟ್ಟಿ. ಆದರೆ ಅಲ್ಲೂ ಒಂದು ಸೂಕ್ಷ್ಮ ಇದೆ. ನೋಂದು ಆದ ದಿನ ಸತ್ತ ದಿನವಲ್ಲ. ನಮ್ಮಲ್ಲಿ ವಾರಸಾ ಮಾಡಿಸದೆ ಹತ್ತು ವರ್ಷ ಬಿಟ್ಟವರೂ ಇದ್ದಾರೆ.

ಇಬ್ಬರ ಲೆಕ್ಕ ಕೂಡದೇ ಇದ್ದ ಜಾಗವೂ ಒಂದಿತ್ತು. 1912ರ ನೋಂದಿನಲ್ಲಿ ಮಯತ ಅಂತ ಇದ್ದವರಿಗೆ ಹೆಳವರ ಪುಸ್ತಕದಲ್ಲಿ ಇಬ್ಬರು ತಮ್ಮಂದಿರು, ಜಮೀನಿನಲ್ಲಿ ಒಬ್ಬನೇ. ಪುಸ್ತಕ ತಪ್ಪಿರಬೇಕು ಅಂದುಕೊಂಡಿದ್ದೆ. ಆಮೇಲೆ ಹೆಳವರೇ ತೋರಿಸಿದರು, ಕೊನೆಯವನ ಮುಂದೆ "ಸಂತಾನ ಇಲ್ಲ" ಅಂತ ಬರೆದಿದೆ. ಮದುವೆಯಾಗದೆ, ಪಾಲು ತೆಗೆದುಕೊಳ್ಳದೆ ಹೋದ ಹುಡುಗ. ಹೊಲ ಹೆಸರಿಗೆ ಬರದವರನ್ನು ಜಮೀನಿನ ಕಾಗದ ನೋಡುವುದೇ ಇಲ್ಲ. ಹೆಳವರು ಅವನನ್ನು ಬಿಟ್ಟಿರಲಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ಜಮೀನಿನ ದಾಖಲೆಯಲ್ಲಿ 1956 ದೊಡ್ಡ ತಿರುವು. ಆ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ಅಲ್ಲಿ ಕಾಣುವುದು ಹೆಚ್ಚಾಗಿ ವಿಧವೆಯರು. ಆಮೇಲಿನ ವಾರಸಾದಲ್ಲಿ ಹೆಣ್ಣುಮಕ್ಕಳ ಹೆಸರೂ ಸೇರುತ್ತದೆ, ಕೊಟ್ಟ ಊರಿನ ಸಮೇತ. ನಮ್ಮ ಮನೆಯ 1961ರ ವಾರಸಾದಲ್ಲಿ ಅಪ್ಪನ ಸೋದರತ್ತೆಯ ಹೆಸರು ಬಂದಿದೆ, ಅದರ ಮರುವರ್ಷವೇ ಆಕೆ ಹಕ್ಕು ಬಿಟ್ಟುಕೊಟ್ಟ ನೋಂದೂ ಇದೆ. ಅದನ್ನು ಓದುವಾಗ ಮನಸ್ಸಿಗೆ ಕಷ್ಟವಾಯಿತು.

ಖರ್ಚಿನ ಮಾತು. ಹೆಳವರಿಗೆ ಒಂದು ಚೀಲ ಜೋಳ, ಒಂದು ಸೀರೆ, 5,000 ರೂಪಾಯಿ ಕೊಟ್ಟೆವು. ಅವರು ಬೆಲೆ ಹೇಳಲಿಲ್ಲ, ನಾವು ಚೌಕಾಸಿ ಮಾಡಲಿಲ್ಲ. ತಲೆಮಾರುಗಳಿಂದ ನಮ್ಮ ಹೆಸರು ಹೊತ್ತು ತಿರುಗಿದವರಿಗೆ ಅದು ಕಡಿಮೆಯೇ. ಜಮೀನಿನ ನಕಲುಗಳಿಗೆ ಹೋದ ಹಣ ಅದಕ್ಕಿಂತ ಕಡಿಮೆ, ಓಡಾಟ ಮಾತ್ರ ನಾಲ್ಕು ಪಟ್ಟು.

ಶಾಲೆಯ ದಾಖಲಾತಿ ರಜಿಸ್ಟರ್ ಬಗ್ಗೆ ನನಗೆ ಹೆಚ್ಚು ನಿರೀಕ್ಷೆ ಇರಲಿಲ್ಲ. ಹಿಂದಕ್ಕೆ ಹೋಗುವ ಮಟ್ಟಿಗೆ ಅದು ಸೋಲುತ್ತದೆ, ನಮ್ಮೂರಲ್ಲಿ ಸಿಕ್ಕ ಹಳೇ ಪುಸ್ತಕ 1931ರದು. ಜನ್ಮ ದಿನಾಂಕ ನಂಬುವ ಹಾಗಿಲ್ಲ. ಸಾಲುಸಾಲು ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ, ಅದು ಮಾಸ್ತರರು ಅಂದಾಜಿಗೆ ಬರೆದದ್ದು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಶಾಲೆ ಬಿಟ್ಟ ಕಾರಣದ ಕಾಲಂನಲ್ಲಿ "ಒಕ್ಕಲುತನ" ಅಂತಿದೆ. ಅದೇ ಹಾಳೆಯಲ್ಲಿ ನಾಲ್ಕು ಸಾಲು ಕೆಳಗೆ ಅದೇ ತಂದೆಯ ಹೆಸರು, ಅದೇ ಮನೆತನ, ಒಬ್ಬ ಹುಡುಗಿ. ಎರಡನೇ ಇಯತ್ತೆಯವರೆಗೆ ಓದಿದ್ದಾಳೆ. ಕಾರಣದ ಕಾಲಂ ಖಾಲಿ. ಮುತ್ಯಾನಿಗೆ ಹೀಗೊಬ್ಬ ತಂಗಿ ಇದ್ದಳು ಅಂತ ನಮಗೆ ಗೊತ್ತೇ ಇರಲಿಲ್ಲ. 1961ರ ವಾರಸಾದಲ್ಲಿ ಆಕೆ ಇಲ್ಲ, ಹೆಳವರಲ್ಲಿ ಇರುವ ಮಾತೇ ಇಲ್ಲ. ಆಕೆ ಇದ್ದಳು ಅನ್ನುವುದಕ್ಕೆ ಉಳಿದಿರುವುದು ಆ ಒಂದೇ ಸಾಲು.

ಹೊಲ ಇಲ್ಲದ ಮನೆಗಳಿಗೆ, ಹೆಳವರು ಬಾರದ ಮನೆಗಳಿಗೆ ಈ ರಜಿಸ್ಟರೇ ಮೊದಲ ಆಸರೆ. ಎಲ್ಲ ಸಮುದಾಯಕ್ಕೂ ಹೆಳವರಿಲ್ಲ, ಎಲ್ಲರಿಗೂ ಹೊಲ ಇರಲಿಲ್ಲ. ಆದರೆ ಗೆದ್ದಲು ಕಾಯುವುದಿಲ್ಲ. ಪಕ್ಕದ ಊರಿನ ಒಂದು ಶಾಲೆಯಲ್ಲಿ 1950ಕ್ಕೆ ಹಿಂದಿನದೆಲ್ಲ ಮಣ್ಣಾಗಿತ್ತು. ನಿಮ್ಮೂರಿನದು ಉಳಿದಿದ್ದರೆ ಈ ರಜೆಯಲ್ಲೇ ಹೋಗಿ, ಹೆಡ್ ಮಾಸ್ತರರನ್ನು ಕೇಳಿ ಫೋಟೋ ತೆಗೆದುಕೊಳ್ಳಿ.

ಗೌಡಕಿ, ಕುಲಕರ್ಣಿಕಿ, ಶೇತಸನದಿಯಂಥ ವತನ (ವಂಶಪಾರಂಪರ್ಯದ ಊರ ಹುದ್ದೆ, ಅದರ ಜಮೀನು) ಇದ್ದ ಮನೆಯವರು ವತನದ ಕಡತ ಹುಡುಕಬೇಕು. ವಾರಸುದಾರಿಕೆ ಅಲ್ಲಿ ಮುಖ್ಯ, ಹಾಗಾಗಿ ವಂಶಾವಳಿ ಬರೆಸಿಕೊಂಡಿರುತ್ತಾರೆ. ಪೇಶ್ವೆ ಕಾಲದ ದಫ್ತರ ಪುಣೆಯಲ್ಲಿದೆ, ಮೋಡಿ ಲಿಪಿಯಲ್ಲಿ. ನಮ್ಮದು ಬರೀ ರೈತರ ಮನೆ, ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ಮತ್ತೆ ಶುರು ಮಾಡುವುದಾದರೆ ನಾನು ಮೊದಲ ದಿನವೇ ಹೆಳವರಿಗೆ ಫೋನ್ ಮಾಡಿಸುತ್ತೇನೆ. ಅವರು ಬರಲು ತಿಂಗಳುಗಟ್ಟಲೆ ಬೇಕು. ಕಾಯುವ ಹೊತ್ತಿನಲ್ಲಿ ಉತಾರದ ಹಿಂದೆ ಬೀಳುತ್ತೇನೆ. ಗಂಡಸರ ಹೆಸರುಗಳು ಎರಡರಲ್ಲೂ ಕೂಡಿದರೆ ಮಾತ್ರ ಒಪ್ಪುತ್ತೇನೆ. ನಮ್ಮ ಕಡೆ ಸತ್ತ ಹಿರಿಯರ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ನಮ್ಮ ಮನೆಯಲ್ಲಿ ಎರಡೇ ಹೆಸರು ತಲೆಮಾರು ಬಿಟ್ಟು ತಲೆಮಾರು ಸುತ್ತುತ್ತವೆ, ಒಂದೇ ದಾಖಲೆ ನಂಬಿದರೆ ಮುತ್ಯಾನೂ ಮೊಮ್ಮಗನೂ ಅದಲುಬದಲಾಗುತ್ತಾರೆ.

ಹೋದ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದಿದ್ದರು. 1912ರ ನೋಂದಿನ ನಕಲು ತೋರಿಸಿದೆ. ಮಗ ಓದಿ ಹೇಳಿದ, ತಂದೆ ಕೇಳಿ, ಗಂಡನ ಹೆಸರಿನ ಪಕ್ಕದಲ್ಲಿ ಆಕೆಯ ಹೆಸರು ಬರೆಸಿದರು. ತವರು ಯಾವುದು ಅಂತ ಕೇಳಿದರು. ಅದು ನನಗೂ ಗೊತ್ತಿಲ್ಲ. ಆದರೆ 1923ರಲ್ಲಿ ಮಗ ವಯಸ್ಸಿಗೆ ಬಂದಾಗ ಕಾಕಾನ ಜೊತೆ ವಾಟ್ನಿ ಪತ್ರ ಆಗಿದೆ, ಅದು ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದದ್ದು. ಇಂಥ ಪತ್ರಕ್ಕೆ ಸಾಕ್ಷಿ ಹಾಕಲು ಸೋದರಮಾವನನ್ನು ಕರೆಸುವುದು ನಮ್ಮ ಕಡೆ ರೂಢಿ, ಸಾಕ್ಷಿದಾರರ ಊರನ್ನೂ ಬರೆದಿರುತ್ತಾರೆ. ಸೂಚಿ ಪುಸ್ತಕದಲ್ಲಿ ಹುಡುಕಿ ನಕಲು ಕೊಡಿ ಅಂತ ಅರ್ಜಿ ಹಾಕಿದ್ದೇನೆ. ಬರುವ ವಾರ ಬಾ ಅಂದಿದ್ದಾರೆ.